ಏಳು ವೋಟಿನ ದ್ವೀಪ

1993ರ ಸೆಪ್ಟೆಂಬರ್ 16, ಗುರುವಾರ. ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್‌ನ ಒಂದೇ ಒಂದು ವಾರ್ಡಿಗೆ ಉಪಚುನಾವಣೆ. ವಾರ್ಡಿನ ಹೆಸರು ಮಿಲ್‌ವಾಲ್. ವೋಟು ಹಾಕಿದವರು ಅರ್ಧಕ್ಕಿಂತ ಕಡಿಮೆ ಜನ. ಎಣಿಕೆ ಮುಗಿದಾಗ ಲೇಬರ್ ಪಕ್ಷಕ್ಕೆ 1,473 ಮತ, ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ಡೆರೆಕ್ ಬೀಕನ್‌ಗೆ 1,480. ಏಳು ವೋಟಿನ ಅಂತರ. ಬಿಳಿಯರಲ್ಲದವರನ್ನೆಲ್ಲ ದೇಶದಿಂದ ಆಚೆ ಕಳಿಸಬೇಕು ಅಂತ ಬಹಿರಂಗವಾಗಿ ಹೇಳುತ್ತಿದ್ದ ಬಿಎನ್‌ಪಿಗೆ ಅದು ಮೊಟ್ಟಮೊದಲ ಕೌನ್ಸಿಲ್ ಸೀಟು.

ಮಾರನೇ ದಿನ ಇಡೀ ಬ್ರಿಟನ್ ಬೆಚ್ಚಿಬಿತ್ತು. ಪತ್ರಿಕೆಗಳಿಗೆ ಅದೇ ಸುದ್ದಿ. ನನಗೆ ಈ ಫಲಿತಾಂಶದಲ್ಲಿ ಆಸಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಮಿಲ್‌ವಾಲ್ ವಾರ್ಡ್ ಇದ್ದದ್ದು ಐಲ್ ಆಫ್ ಡಾಗ್ಸ್‌ನಲ್ಲಿ, ಅಂದರೆ ನಮ್ಮ ಐಟಿ ಹುಡುಗರು ಹುಡುಗಿಯರು ಆನ್‌ಸೈಟ್ ಅಂತ ಹೋಗಿ ಬ್ಯಾಂಕುಗಳ ಸರ್ವರ್ ನೋಡಿಕೊಳ್ಳುವ ಆ ಕೆನರಿ ವಾರ್ಫ್ ಇರುವ ಜಾಗದಲ್ಲಿ. ಆ ಗಾಜಿನ ಕಟ್ಟಡಗಳ ಬುಡದಲ್ಲೇ ಈ ಚುನಾವಣೆ ನಡೆದದ್ದು.

ಹೆಸರಿಗೆ ದ್ವೀಪ, ಪೂರ್ತಿ ದ್ವೀಪವಲ್ಲ. ಥೇಮ್ಸ್ ನದಿ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಳಸಿ ಹರಿಯುವ ಕಡೆ ಒಳಗೆ ಉಳಿದ ನೆಲ ಅದು. 1802ರಲ್ಲಿ ಅಲ್ಲಿ ವೆಸ್ಟ್ ಇಂಡಿಯಾ ಡಾಕ್ಸ್ ಶುರುವಾಯಿತು. ಕೆರಿಬಿಯನ್ ತೋಟಗಳಲ್ಲಿ ಗುಲಾಮರು ಬೆಳೆದ ಸಕ್ಕರೆ ಬಂದು ಇಳಿಯುತ್ತಿದ್ದ ಬಂದರು. ಕಟ್ಟಿಸಿದವರಲ್ಲಿ ಪ್ರಮುಖನಾದ ರಾಬರ್ಟ್ ಮಿಲ್ಲಿಗನ್ ಸ್ವತಃ ಗುಲಾಮರ ಒಡೆಯ. ಅವನ ಪ್ರತಿಮೆಯನ್ನು ಅಲ್ಲಿಂದ ತೆಗೆದದ್ದು 2020ರ ಜೂನ್‌ನಲ್ಲಿ, ಮೊನ್ನೆಮೊನ್ನೆ ಅನ್ನಿ. ಸುತ್ತಮುತ್ತ ಹಡಗಿನ ಹಮಾಲರು, ಅವರ ಸಾಲುಮನೆಗಳು, ಪಬ್ಬುಗಳು. ಅಪ್ಪ ಡಾಕ್ಸ್‌ನಲ್ಲಿದ್ದರೆ ಮಗನೂ ಡಾಕ್ಸ್‌ಗೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇಂಗ್ಲೆಂಡಿನಲ್ಲಿ ಡಿಸ್ಟ್ರಿಕ್ಟ್ ಕೌನ್ಸಿಲ್, ಲಂಡನ್ನಿನಲ್ಲಿ ಬರೋ ಕೌನ್ಸಿಲ್ ಅಂದರೆ ಬರೀ ಕಸ, ಬೀದಿದೀಪದ ಆಫೀಸಲ್ಲ. ಅದರ ಕೈಯಲ್ಲಿ ಮನೆಗಳಿವೆ. ಕೌನ್ಸಿಲ್ ಕಟ್ಟಿ ಕಡಿಮೆ ಬಾಡಿಗೆಗೆ ಕೊಡುವ ಮನೆಗಳು. ಯಾರಿಗೆ ಮನೆ, ಯಾರಿಗೆ ಇನ್ನೂ ಐದು ವರ್ಷ ಕಾಯುವ ಪಟ್ಟಿ ಅನ್ನುವುದನ್ನು ತೀರ್ಮಾನಿಸುವುದು ಕೌನ್ಸಿಲ್. ಹಾಗಾಗಿ ಅಲ್ಲಿ ವಾರ್ಡ್ ಚುನಾವಣೆ ಅಂದರೆ ತಲೆ ಮೇಲಿನ ಸೂರಿನ ಚುನಾವಣೆಯೂ ಹೌದು.

ಈ ನೆಲಕ್ಕೆ ಇನ್ನೊಂದು ಚುನಾವಣೆಯ ನೆನಪೂ ಇದೆ. ಆಗ ಇದು ಪಾಪ್ಲರ್ ಬರೋ. 1919ರಲ್ಲಿ 42 ಸೀಟುಗಳಲ್ಲಿ 39 ಲೇಬರ್ ಗೆದ್ದಿತು. ಕೂಲಿಕಾರರು, ರೈಲ್ವೆಯವರು, ಅಂಚೆಯವರು ಕೌನ್ಸಿಲರ್‌ಗಳಾದರು. ಜಾರ್ಜ್ ಲ್ಯಾನ್ಸ್‌ಬರಿ ಮೇಯರ್. ಬಡ ಬರೋಗಳೇ ತಮ್ಮ ಬಡವರನ್ನು ಸಾಕಬೇಕು, ಜೊತೆಗೆ ಇಡೀ ಲಂಡನ್ನಿನ ಪೊಲೀಸು, ನೀರಿನ ಖರ್ಚಿಗೂ ಪಾಲು ಕೊಡಬೇಕು ಅನ್ನುವ ಲೆಕ್ಕ ಅನ್ಯಾಯ ಅಂತ 1921ರಲ್ಲಿ ಆ ಪಾಲು ಕೊಡಲು ಒಪ್ಪಲಿಲ್ಲ. 30 ಮಂದಿ ಕೌನ್ಸಿಲರ್‌ಗಳು ಜೈಲಿಗೆ ಹೋದರು. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಹೆಂಗಸರು ಹಾಲೋವೇ ಜೈಲಿಗೆ. ಕೌನ್ಸಿಲ್ ಮೀಟಿಂಗು ಜೈಲೊಳಗೇ! ಹೆಂಗಸರನ್ನು ಆ ಮೀಟಿಂಗಿಗೆ ಟ್ಯಾಕ್ಸಿಯಲ್ಲಿ ಕರೆತರುತ್ತಿದ್ದರಂತೆ. ಆರು ವಾರದಲ್ಲಿ ಸರ್ಕಾರ ಬಗ್ಗಿತು, ಕಾನೂನು ಬದಲಾಯಿತು. ಜೈಲಿಗೆ ಹೋದವರಲ್ಲಿ ಲ್ಯಾನ್ಸ್‌ಬರಿಯ ಸೊಸೆ ಮಿನ್ನಿ ಒಬ್ಬಳು. 1922ರ ಜನವರಿ 1ರಂದು, 32ನೇ ವಯಸ್ಸಿಗೆ, ಜ್ವರ ನ್ಯುಮೋನಿಯಾಕ್ಕೆ ತಿರುಗಿ ತೀರಿಕೊಂಡಳು. ಬೋ ರಸ್ತೆಯಲ್ಲಿ ಅವಳ ನೆನಪಿನ ಗಡಿಯಾರ ಇವತ್ತಿಗೂ ಇದೆ.

ಅಂಥ ಊರು ಎಪ್ಪತ್ತು ವರ್ಷದಲ್ಲಿ ಬಿಎನ್‌ಪಿಗೆ ವೋಟು ಹಾಕುವ ಮಟ್ಟಕ್ಕೆ ಹೇಗೆ ಬಂತು?

ಕಂಟೇನರ್ ಹಡಗುಗಳು ಬಂದವು, ಅವು ಈ ಹಳೇ ಡಾಕ್ಸ್‌ಗೆ ಹಿಡಿಸುವಂಥವಲ್ಲ. ಕೆಲಸ ಕಮ್ಮಿಯಾಗುತ್ತಾ ಹೋಯಿತು. 1970ರ ಮಾರ್ಚ್‌ನಲ್ಲಿ ಟೆಡ್ ಜಾನ್ಸ್ ಎಂಬ ಕೌನ್ಸಿಲರ್ ನೇತೃತ್ವದಲ್ಲಿ ದ್ವೀಪದವರು ರಸ್ತೆ ತಡೆದು, ನಾವು ಬ್ರಿಟನ್ನಿನಿಂದ ಸ್ವತಂತ್ರರು ಅಂತ ಘೋಷಿಸಿಕೊಂಡರು! ಶಾಲೆ, ಬಸ್ಸು, ಅಂಗಡಿ ಯಾವುದೂ ಸರಿಯಾಗಿಲ್ಲ ಅನ್ನುವುದು ಗೋಳು. ದೇಶ ನಕ್ಕು ಸುಮ್ಮನಾಯಿತು. 1980ರಲ್ಲಿ ವೆಸ್ಟ್ ಇಂಡಿಯಾ ಡಾಕ್ಸ್ ಪೂರ್ತಿ ಮುಚ್ಚಿತು. ಅದೇ ವರ್ಷ ಥ್ಯಾಚರ್ ಸರ್ಕಾರದ ವಸತಿ ಕಾನೂನು ಬಂತು. ಕೌನ್ಸಿಲ್ ಮನೆಯಲ್ಲಿ ಬಾಡಿಗೆಗಿದ್ದವರು ಅದನ್ನು ರಿಯಾಯಿತಿಯಲ್ಲಿ ಕೊಂಡುಕೊಳ್ಳಬಹುದಾಯಿತು. ಕೊಂಡವರಿಗೆ ಖುಷಿ, ಕೌನ್ಸಿಲ್ ಕೈಯಲ್ಲಿ ಉಳಿದ ಮನೆಗಳು ಕಡಿಮೆಯಾದವು. 1981ರಲ್ಲಿ ಲಂಡನ್ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮ ಹುಟ್ಟಿತು. ಅದರ ಸದಸ್ಯರನ್ನು ಜನ ಆರಿಸಲಿಲ್ಲ, ಸರ್ಕಾರ ನೇಮಿಸಿತು. ಎಲ್ಲಿ ಏನು ಕಟ್ಟಬೇಕು ಅನ್ನುವ ಅಧಿಕಾರ ಕೌನ್ಸಿಲ್‌ನಿಂದ ಅದರ ಕೈಗೆ ಹೋಯಿತು. ನದಿ ದಂಡೆಗೆ ದುಬಾರಿ ಫ್ಲ್ಯಾಟ್‌ಗಳು ಬಂದವು. 1991ರಲ್ಲಿ ಕೆನರಿ ವಾರ್ಫ್ ಗೋಪುರ ಎದ್ದು ನಿಂತಿತು. ಅದನ್ನು ಕಟ್ಟಿದ ಕಂಪನಿ 1992ರಲ್ಲಿ ದಿವಾಳಿ. ದ್ವೀಪದ ಹಳೇ ಮನೆಗಳ ಕಿಟಕಿಯಿಂದ ನೋಡಿದರೆ ಎದುರಿಗೆ ಆ ಗೋಪುರ. ಒಳಗೆ ಅವರಿಗೆ ಕೆಲಸವಿಲ್ಲ, ಪಕ್ಕದಲ್ಲಿ ಮಕ್ಕಳಿಗೆ ಮನೆಯಿಲ್ಲ.

ಸಿಟ್ಟು ಬರಬೇಕಾದದ್ದೇ. ಆದರೆ ಅದು ತಿರುಗಿದ್ದು ನಿಗಮದ ಕಡೆಗಲ್ಲ, ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಬಂದ ಕುಟುಂಬಗಳ ಕಡೆಗೆ. ಹಡಗಿನ ಖಲಾಸಿಗಳಾಗಿ, ಹೊಲಿಗೆ ಕಾರ್ಖಾನೆಯ ಕೆಲಸಗಾರರಾಗಿ ಬಂದವರು ಅವರು. ಒಂದು ಕೋಣೆಯಲ್ಲಿ ಆರೇಳು ಜನ ಇರುತ್ತಿದ್ದ ಅವರೂ ಅದೇ ಮನೆ ಪಟ್ಟಿಯಲ್ಲಿ ಕಾಯುತ್ತಿದ್ದರು. ಮಾಸ್ಟ್‌ಹೌಸ್ ಟೆರೇಸ್ ಅನ್ನುವ ಹೊಸ ವಸತಿಯಲ್ಲಿ ಒಂದಷ್ಟು ಮನೆ ಅವರಿಗೆ ಹಂಚಿಕೆಯಾಯಿತು. ಹೆಚ್ಚಿನವು ಬೇರೆಯವರಿಗೇ ಹೋಗಿದ್ದವು. ಆದರೂ ಎಲ್ಲವನ್ನೂ ಅವರಿಗೇ ಕೊಟ್ಟರು ಅಂತ ಸುದ್ದಿ ಹಬ್ಬಿತು. ಇಂಥ ಸುದ್ದಿಗೆ ಕಾಲು ಬಂದರೆ ಹಿಡಿಯುವವರಿಲ್ಲ, ನಮ್ಮೂರಲ್ಲೂ ನೋಡಿದ್ದೇವಲ್ಲ.

ಈ ದ್ವೇಷ 1993ರಲ್ಲಿ ಹುಟ್ಟಿದ್ದಲ್ಲ. 1978ರ ಮೇ 4, ಅದೂ ಸ್ಥಳೀಯ ಚುನಾವಣೆಯ ದಿನವೇ. ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷ ಟವರ್ ಹ್ಯಾಮ್ಲೆಟ್ಸ್ ತುಂಬ ಅಭ್ಯರ್ಥಿಗಳನ್ನು ನಿಲ್ಲಿಸಿತ್ತು. ಆ ಸಂಜೆ ಹೊಲಿಗೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅಲ್ತಾಬ್ ಅಲಿ ಎಂಬ ಯುವಕನನ್ನು ವೈಟ್‌ಚಾಪೆಲ್‌ನ ಆಡ್ಲರ್ ಸ್ಟ್ರೀಟ್‌ನಲ್ಲಿ ಮೂವರು ಹುಡುಗರು ಚಾಕು ಹಾಕಿ ಕೊಂದರು. ಮೂವರೂ ಇನ್ನೂ ಇಪ್ಪತ್ತು ದಾಟದವರು. ಹತ್ತು ದಿನದ ಮೇಲೆ ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯವರೆಗೆ ನಡೆದರು. ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ ಒಂದು ಸಮುದಾಯ ಅವತ್ತು ಬೀದಿಗೆ ಬಂತು. ವೈಟ್‌ಚಾಪೆಲ್ ರಸ್ತೆಯ ಪಾರ್ಕಿಗೆ ಈಗ ಅವನದೇ ಹೆಸರು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಆಫೀಸಿನವರು ಅಲ್ಲಿ ಕೂತಿರುತ್ತಾರೆ.

1992ರ ಅಕ್ಟೋಬರ್‌ನಲ್ಲೇ ಮಿಲ್‌ವಾಲ್‌ನ ಇನ್ನೊಂದು ಉಪಚುನಾವಣೆಯಲ್ಲಿ ಬಿಎನ್‌ಪಿಗೆ ಶೇ 20ರಷ್ಟು ಮತ ಬಿದ್ದಿತ್ತು. ಎಚ್ಚರಿಕೆಯ ಗಂಟೆ ಆಗಲೇ ಹೊಡೆದಿತ್ತು ಅನ್ನಿ. ಆಗ ಕೌನ್ಸಿಲ್ ಲಿಬರಲ್ ಡೆಮಾಕ್ರಟ್ಸ್ ಕೈಯಲ್ಲಿತ್ತು. ಹೆಸರಲ್ಲೇ ಉದಾರವಾದ ಇರುವ ಪಕ್ಷ. ಅದರ ಸ್ಥಳೀಯ ಘಟಕ ಹಂಚಿದ ಕರಪತ್ರಗಳು ಜನಾಂಗದ್ವೇಷಕ್ಕೆ ಮಣೆ ಹಾಕಿದವು ಅಂತ ಆಮೇಲೆ ಆ ಪಕ್ಷದ್ದೇ ವಿಚಾರಣೆ ಹೇಳಿತು. ನಡೆಸಿದವರು ಹೆಸರಾಂತ ವಕೀಲ ಆಂಟನಿ ಲೆಸ್ಟರ್. ನನಗೆ ಬಿಎನ್‌ಪಿಗಿಂತ ಇದೇ ಹೆಚ್ಚು ಭಯ ಹುಟ್ಟಿಸುವುದು. ಬೀಕನ್ ಏನು ಹೇಳುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಮರ್ಯಾದಸ್ಥರು ಅದನ್ನೇ ಸ್ವಲ್ಪ ಮೆದು ಮಾಡಿ ಹೇಳಿದರೆ ತಮಗೂ ನಾಲ್ಕು ವೋಟು ಬರುತ್ತೆ ಅಂದುಕೊಂಡರು. ವೋಟು ಬಂತು, ಶೇ 30ರ ಆಸುಪಾಸು. ಸೀಟು ಮಾತ್ರ ಬೀಕನ್‌ಗೆ ಹೋಯಿತು. ಮೂರು ಪಾಲಾದ ವೋಟಿನಲ್ಲಿ ಅವನಿಗೆ ಬೇಕಾಗಿದ್ದದ್ದು ಮೂರನೇ ಒಂದು ಭಾಗ, ಮೇಲೆ ಏಳು.

ಅವನು ಕೌನ್ಸಿಲರ್ ಆಗಿದ್ದದ್ದು ಎಂಟು ತಿಂಗಳೂ ಅಲ್ಲ. 1994ರ ಮೇ 5ರಂದು ಪೂರ್ಣ ಚುನಾವಣೆ. ಆ ನಡುವೆ ಚರ್ಚುಗಳು, ಬಾಡಿಗೆದಾರರ ಸಂಘಗಳು, ಲೇಬರ್ ಕಾರ್ಯಕರ್ತರು ಮನೆಮನೆಗೆ ಹೋದರು. ಮತದಾನ ಸುಮಾರು ಮೂರನೇ ಎರಡರಷ್ಟಕ್ಕೆ ಏರಿತು. ಸ್ಥಳೀಯ ಚುನಾವಣೆಗೆ ಅದು ಭಾರೀ ದೊಡ್ಡದು. ವಾರ್ಡಿನ ಮೂರೂ ಸೀಟು ಲೇಬರ್‌ಗೆ. ಇಡೀ ಕೌನ್ಸಿಲ್‌ನಲ್ಲಿ 50ಕ್ಕೆ 43.

ಆದರೆ ಫಲಿತಾಂಶದ ಹಾಳೆಯನ್ನು ಪೂರ್ತಿ ಓದಬೇಕು. ಸೋತ ಬೀಕನ್‌ಗೆ ಈ ಸಲ ಬಿದ್ದದ್ದು 2,000ಕ್ಕೂ ಹೆಚ್ಚು ಮತ. ಗೆದ್ದಾಗಿನದಕ್ಕಿಂತ ಐನೂರಕ್ಕೂ ಹೆಚ್ಚು! ಅವನ ಜನ ಮನಸ್ಸು ಬದಲಾಯಿಸಲಿಲ್ಲ, ಇನ್ನಷ್ಟು ಜನ ಸೇರಿಕೊಂಡರು. ಅವನು ಸೋತದ್ದು ಹಿಂದಿನ ಸಲ ಮನೆಯಲ್ಲಿ ಕೂತಿದ್ದವರು ಎದ್ದು ಬಂದಿದ್ದಕ್ಕೆ. ದ್ವೇಷ ಸೋತಿತು ಅಂತ ಮೇ 6ರಂದು ಬರೆದವರು ಈ ಅಂಕಿಯನ್ನು ಬೇಗ ದಾಟಿಬಿಟ್ಟರು ಅಂತ ನನ್ನ ಅನಿಸಿಕೆ.

ನಾನು ಪ್ರಾಜೆಕ್ಟ್ ಮೇಲೆ ಅಲ್ಲಿದ್ದಾಗ ಬಾಡಿಗೆ ಮನೆಗೆ ಕೌನ್ಸಿಲ್‌ನಿಂದ ಒಂದು ಲಕೋಟೆ ಬಂತು: ಮತದಾರರ ಪಟ್ಟಿಗೆ ಹೆಸರು ಸೇರಿಸಿ. ತಪ್ಪಿ ಬಂದಿರಬೇಕು ಅಂತ ರೂಮ್‌ಮೇಟ್ ನಕ್ಕ. ತಪ್ಪೇನಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಮೇಲೆ ಅಲ್ಲಿ ವಾಸವಿರುವ ಭಾರತೀಯ ಪ್ರಜೆಗೂ ಅಲ್ಲಿ ವೋಟಿದೆ. ಇದು ನಮ್ಮವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. 2018ರ ಮೇ 3ರಂದು ಆಫೀಸಿಗೆ ಹೋಗುವ ದಾರಿಯಲ್ಲಿ ಒಳಗೆ ಹೋದೆ. ಹೆಸರು, ವಿಳಾಸ ಕೇಳಿದರು, ಒಂದು ಹಾಳೆ ಕೊಟ್ಟರು. ಬೆರಳಿಗೆ ಶಾಯಿ ಇಲ್ಲ. ಮರದ ಗೂಡಿನಲ್ಲಿ ದಾರ ಕಟ್ಟಿದ ಪೆನ್ಸಿಲ್, ಇಷ್ಟಪಟ್ಟವರ ಮುಂದೆ ಕಾಟು ಹಾಕಬೇಕು. ಇಪ್ಪತ್ತೈದು ವರ್ಷದ ಹಿಂದೆ ಇಲ್ಲೇ ಗೆದ್ದ ಪಕ್ಷ ನನ್ನಂಥವನು ಈ ದೇಶದಲ್ಲೇ ಇರಬಾರದು ಅಂತಿತ್ತು. ಅಂದಹಾಗೆ, ವೋಟು ಮಾತ್ರವಲ್ಲ, ನದಿಯ ಆಚೆಗಿನ ಲ್ಯಾಂಬೆತ್ ಬರೋಗೆ ನಮ್ಮ ಕಲಬುರ್ಗಿಯ ಡಾ. ನೀರಜ್ ಪಾಟೀಲರು 2010ರಲ್ಲಿ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಇರುವುದೂ ಅದೇ ಬರೋದಲ್ಲಿ. (ಬೆಂಗಳೂರಿನ ಪಾಲಿಕೆಗೆ ನಾನು ಕೊನೆಯ ಸಲ ವೋಟು ಹಾಕಿದ್ದು 2015ರಲ್ಲಿ. ಇರಲಿ ಬಿಡಿ.)

ಬಿಎನ್‌ಪಿ ಕತೆ ಮಿಲ್‌ವಾಲ್‌ನಲ್ಲಿ ಮುಗಿಯಲಿಲ್ಲ. 2006ರಲ್ಲಿ ಪೂರ್ವಕ್ಕೇ ಇರುವ ಬಾರ್ಕಿಂಗ್ ಅಂಡ್ ಡಾಗೆನ್‌ಹ್ಯಾಮ್ ಬರೋದಲ್ಲಿ ಅದಕ್ಕೆ 12 ಸೀಟು ಬಂತು. ಅಲ್ಲೂ ಮನೆಗಳದ್ದೇ ಕೂಗು, ಅಲ್ಲೂ ಯಾರೋ ಬಂದು ನಮ್ಮ ಮನೆ ತಗೊಂಡರು ಅನ್ನುವ ಸುದ್ದಿ. 2010ರಲ್ಲಿ ಹನ್ನೆರಡೂ ಹೋದವು, 51ಕ್ಕೆ 51 ಲೇಬರ್. ಕೌನ್ಸಿಲ್ ಮನೆಗಾಗಿ ಕಾಯುವವರ ಪಟ್ಟಿ ಎರಡೂ ಬರೋಗಳಲ್ಲಿ ಇವತ್ತಿಗೂ ಉದ್ದವೇ ಇದೆ. ಮಿಲ್‌ವಾಲ್ ವಾರ್ಡ್ ಮಾತ್ರ ಈಗ ಇಲ್ಲ. 2014ರಲ್ಲಿ ಗಡಿಗಳನ್ನು ಹೊಸದಾಗಿ ಎಳೆದಾಗ ಆ ಹೆಸರು ಹೋಯಿತು. ದ್ವೀಪದ ಒಂದು ವಾರ್ಡಿನ ಹೆಸರೇ ಈಗ ಕೆನರಿ ವಾರ್ಫ್.