ಡೀಸೆಲ್ ಪಿಕಪ್‌ಗಳ ರೇಡಿಯೇಟರ್ ಫ್ಯಾನ್

ರೇಡಿಯೇಟರಿನ ಮೂಲಕ ಗಾಳಿ ಎಳೆದು ಇಂಜಿನ್ನಿನ ಬಿಸಿ ಇಳಿಸುವ ಸಾಧನ. ಇದರಲ್ಲಿ ಎರಡು ಬಗೆ: ಇಂಜಿನ್ನೇ ತಿರುಗಿಸುವ ಫ್ಯಾನ್ ಮತ್ತು ಕರೆಂಟಿನ ಫ್ಯಾನ್. ವಿಜಯಪುರ ಜಿಲ್ಲೆಯ ಕನ್ನೊಳ್ಳಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ತೊಗರಿ, ನಿಂಬೆ, ದ್ರಾಕ್ಷಿ ಹೇರುವ ಪಿಕಪ್‌ಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಹೆದ್ದಾರಿಯಲ್ಲಿ ಓಡುವಾಗ ಎದುರುಗಾಳಿಯೇ ಬಹುಮಟ್ಟಿಗೆ ಸಾಕು. ಫ್ಯಾನಿಗೆ ನಿಜವಾದ ಕೆಲಸ ಬೀಳುವುದು ತುಂಬಿದ ಗಾಡಿ ಹೊಲದ ದಾರಿಯಲ್ಲಿ ಒಂದನೇ, ಎರಡನೇ ಗೇರಿನಲ್ಲಿ ಎಳೆಯುವಾಗ.

ಇಂಜಿನ್ನಿಗೆ ನೇರವಾಗಿ ಜೋಡಿಸಿದ ಹಳೆಯ ಫ್ಯಾನ್ ಬೇಡವಾದಾಗಲೂ ತಿರುಗುತ್ತ ಡೀಸೆಲ್ ತಿನ್ನುತ್ತಿತ್ತು. ಫ್ಯಾನಿನ ವೇಗ ಇಮ್ಮಡಿಯಾದರೆ ಅದು ಬೇಡುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಈ ನಷ್ಟ ತಡೆಯುವುದು ವಿಸ್ಕಸ್ ಕ್ಲಚ್. ಅದರ ಮೂತಿಯ ಮೇಲೆ ಸುರುಳಿ ಸುತ್ತಿದ ಲೋಹದ ಪಟ್ಟಿಯೊಂದಿರುತ್ತದೆ. ರೇಡಿಯೇಟರಿನಿಂದ ಬಿಸಿಗಾಳಿ ತಗುಲಿದಾಗ ಅದು ಹಿಗ್ಗಿ, ಒಳಗಿನ ಬಾಗಿಲು ತೆರೆಯುತ್ತದೆ. ದಪ್ಪನೆಯ ಸಿಲಿಕೋನ್ ಎಣ್ಣೆ ಬಿಲ್ಲೆಗಳ ನಡುವೆ ಹರಿದು ಫ್ಯಾನನ್ನು ಹಿಡಿದು ತಿರುಗಿಸುತ್ತದೆ. ತಣ್ಣಗಾದ ಮೇಲೆ ಹಿಡಿತ ಸಡಿಲ. ಎಣ್ಣೆ ಸೋರಿಹೋದರೆ ಇಂಜಿನ್ ಎಷ್ಟೇ ಕಾದರೂ ಫ್ಯಾನ್ ಜೋರು ಹಿಡಿಯುವುದಿಲ್ಲ. ಸೋರಿದ ಜಾಗದಲ್ಲಿ ಧೂಳು ಮೆತ್ತಿ ಕಪ್ಪಗೆ ಕಾಣುವುದೇ ಗುರುತು.

ಕರೆಂಟಿನ ಫ್ಯಾನ್ ಸೆನ್ಸರ್ ಹೇಳಿದಾಗ ಮಾತ್ರ ಓಡುತ್ತದೆ. ಇಂಜಿನ್ ನಿಧಾನವಾಗಿದ್ದರೂ ಪೂರ್ಣ ವೇಗದಲ್ಲಿ ತಿರುಗಬಲ್ಲದು. ಇಂಜಿನ್ ಅಡ್ಡಲಾಗಿ ಕೂತ ಕಾರುಗಳಿಗೆ ಇದೇ ಸರಿ. ಆದರೆ 14 ವೋಲ್ಟಿನಲ್ಲಿ 30 ಆಂಪಿಯರ್ ಎಳೆಯುವ ಮೋಟರಿಗೆ ಸಿಗುವುದು 420 ವ್ಯಾಟ್ ಮಾತ್ರ. ದೊಡ್ಡ ವಿಸ್ಕಸ್ ಫ್ಯಾನ್ ಇದರ ಹಲವು ಪಟ್ಟು ಶಕ್ತಿಯನ್ನು ಇಂಜಿನ್ನಿನಿಂದ ಪಡೆಯಬಲ್ಲದು. ಹೀಗಾಗಿ ಮೈಲೇಜಿನ ಆಸೆಗೆ ವಿಸ್ಕಸ್ ಫ್ಯಾನ್ ಬಿಚ್ಚಿಸಿ ಸಣ್ಣ ಕರೆಂಟಿನ ಫ್ಯಾನ್ ಹಾಕಿಸುವುದು ಬಿಸಿಲುಸೀಮೆಯ ಲೋಡ್ ಗಾಡಿಗೆ ತಕ್ಕುದಲ್ಲ. ಸಿಲಿಂಡರ್ ಹೆಡ್ ಡೊಂಕಾದರೆ ಉಳಿಸಿದ ಡೀಸೆಲಿನ ಹಣ ಲೆಕ್ಕಕ್ಕೇ ಬಾರದು. ಕರೆಂಟಿನ ಫ್ಯಾನಿನಲ್ಲಿ ಫ್ಯೂಸ್, ರಿಲೇ, ವೈರಿಂಗ್ ಕೈಕೊಡುವ ಭಯವೂ ಇದೆ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಆರಿಸಿದ ಮೇಲೂ ಅದು ತಟ್ಟನೆ ತಿರುಗುವುದರಿಂದ ಬ್ಯಾಟರಿ ಬಿಚ್ಚದೆ ಕೈ ಹಾಕಬಾರದು.

ಫ್ಯಾನ್ ಯಾವುದೇ ಇರಲಿ, ಅದರ ಸುತ್ತಲಿನ ಕವಚ ಒಡೆದಿದ್ದರೆ ಗಾಳಿ ರೇಡಿಯೇಟರ್ ತಪ್ಪಿಸಿ ಪಕ್ಕದಿಂದ ನುಗ್ಗುತ್ತದೆ. ರಾಶಿಯ ಕಾಲದಲ್ಲಿ ತೊಗರಿ ಹೊಟ್ಟು, ಎರೆಮಣ್ಣಿನ ಧೂಳು ರೇಡಿಯೇಟರಿನ ಸಂದುಗಳಲ್ಲಿ ಕೂರುತ್ತವೆ. ಇಂಜಿನ್ ಆರಿದ ಮೇಲೆ, ಇಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲನೆ ಗಾಳಿ ಹೊಡೆದು ಇದನ್ನು ತೆಗೆಯಬೇಕು. ಎದುರಿನಿಂದ ಹೊಡೆದರೆ ಕಸ ಇನ್ನಷ್ಟು ಒಳಗೆ ಸೇರುತ್ತದೆ.