ಸುಂಕದವನ ಮುಂದೆ ಸುಖದುಃಖ



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅದರ ಅರ್ಥ ನಮಗೆ ನಿಜವಾಗಿ ಹೊಳೆದದ್ದು ಮಾತ್ರ ಐರ್ಲೆಂಡಿಗೆ ಬಂದ ಮೇಲೆ, ಅಂಚೆಯಲ್ಲಿ ಬಂದ ಒಂದು ಚೀಟಿಯಿಂದ. ಊರಿನಿಂದ ಅಮ್ಮ ಕಳಿಸಿದ ಡಬ್ಬ ಬಂದಿದೆ, ಇಷ್ಟು ಯೂರೋ ಕಟ್ಟಿ ಬಿಡಿಸಿಕೊಳ್ಳಿ ಎಂಬ ಒಕ್ಕಣೆ. ಡಬ್ಬದಲ್ಲಿ ಇದ್ದದ್ದೇನು? ಎರಡು ಕಾದಂಬರಿ, ಮಗಳಿಗೊಂದು ಲಂಗ, ಮನೆಯವರಿಗೊಂದು ಇಳಕಲ್ ಸೀರೆ. ಐರ್ಲೆಂಡಿನಲ್ಲಿ ಪುಸ್ತಕಕ್ಕೆ ವ್ಯಾಟ್ ಇಲ್ಲ, ಪುಟ್ಟ ಮಕ್ಕಳ ಬಟ್ಟೆಗೂ ಇಲ್ಲ. ದೊಡ್ಡವರ ಬಟ್ಟೆಗೆ ಮಾತ್ರ ನೂರಕ್ಕೆ 23. ಅಂದರೆ ಇಡೀ ಡಬ್ಬದಲ್ಲಿ ಸಿಕ್ಕಿಬಿದ್ದವಳು ಇಳಕಲ್ ಸೀರೆಯೊಬ್ಬಳೇ! ಉಡುಗೊರೆಗೆ 45 ಯೂರೋವರೆಗೆ ವಿನಾಯಿತಿ ಇದೆ. ಆದರೆ ಅಮ್ಮ ಸತ್ಯವಂತೆ. ಫಾರಂ ಮೇಲೆ ನಿಜವಾದ ಬೆಲೆ ಬರೆದುಬಿಟ್ಟಿದ್ದಳು. ಫೋನಿನಲ್ಲಿ ವಿಷಯ ತಿಳಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಾನು ಕೊಟ್ಟದ್ದಕ್ಕೆ ನೀವ್ಯಾಕಪ್ಪಾ ದುಡ್ಡು ಕೊಡಬೇಕು?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ಮುನ್ನೂರು ವರ್ಷದ ಇತಿಹಾಸ. ಅದನ್ನು ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಈ ಲೇಖನ.

ಸುಂಕ ನಮ್ಮವರಿಗೆ ಹೊಸದೇನೂ ಅಲ್ಲ. ಶುಲ್ಕದ ತದ್ಭವ ಸುಂಕ. ಕನ್ನಡ ಶಾಸನಗಳ ತುಂಬ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳ ಹೆಸರುಗಳಿವೆ, ಅವನ್ನು ನೋಡಿಕೊಳ್ಳುವ ಸುಂಕವೆರ್ಗಡೆಗಳಿದ್ದಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರರೇ ಇದ್ದರು. ಆ ಕಾಲದ ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ದೊಡ್ಡವು. ಎತ್ತಿನ ಹೇರುಗಳನ್ನು ಸಾಲಾಗಿ ಹೊಡೆಸಿಕೊಂಡು ಬಂದು ಅಧಿಕಾರಿಗಳೊಡನೆ ಮಾತಾಡಿ ವಿನಾಯಿತಿ ಪಡೆಯುವ ತಾಕತ್ತು ಅವರಿಗಿತ್ತು. ಗಾದೆ ಹುಟ್ಟಿದ್ದು ಅವರಿಂದಲ್ಲ, ತಲೆಯ ಮೇಲೆ ಒಂದೇ ಬುಟ್ಟಿ ಹೊತ್ತು ಬಂದವರಿಂದ ಇರಬೇಕು ಎಂದು ನಮ್ಮ ಊಹೆ.

ಈಗ ಐರ್ಲೆಂಡಿಗೆ ಬರೋಣ. 1699ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಐರ್ಲೆಂಡಿನಲ್ಲಿ ನೇಯ್ದ ಉಣ್ಣೆಬಟ್ಟೆಯನ್ನು ಇಂಗ್ಲೆಂಡಿಗಲ್ಲದೆ ಬೇರೆಲ್ಲಿಗೂ ಕಳಿಸಕೂಡದು. ಇಂಗ್ಲೆಂಡಿನಲ್ಲೋ ಆಗಲೇ ಅದಕ್ಕೆ ಭಾರೀ ಸುಂಕ. ಒಂದು ಬಾಗಿಲು ಮುಚ್ಚಿ ಇನ್ನೊಂದಕ್ಕೆ ಬೀಗ ಹಾಕಿದ ಹಾಗೆ. ಇದಾದ ಮರುವರ್ಷವೇ, 1700ರಲ್ಲಿ, ಅದೇ ಪಾರ್ಲಿಮೆಂಟು ಭಾರತದಿಂದ ಬರುತ್ತಿದ್ದ ಬಣ್ಣದಚ್ಚಿನ ಹತ್ತಿಬಟ್ಟೆಯನ್ನು ಇಂಗ್ಲೆಂಡಿನಲ್ಲಿ ಉಡಬಾರದೆಂದು ನಿಷೇಧಿಸಿತು. 1721ರಲ್ಲಿ ಆ ನಿಷೇಧವನ್ನು ಇನ್ನೂ ಬಿಗಿ ಮಾಡಿತು. ಎರಡಕ್ಕೂ ಕಾರಣ ಒಂದೇ, ಅಲ್ಲಿನ ನೇಕಾರರ ಕೂಗು. ಐರಿಷ್ ನೇಕಾರ, ಭಾರತದ ನೇಕಾರ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೆ ಇಬ್ಬರ ಮಗ್ಗದ ಮೇಲೂ ಬಿದ್ದದ್ದು ಒಂದೇ ಕೈ.

ಡಬ್ಲಿನ್ನಿನಲ್ಲಿ ನೇಕಾರರ ಕೇರಿ ಇದ್ದದ್ದು ಲಿಬರ್ಟೀಸ್ ಎಂಬಲ್ಲಿ. ಅದರ ಪಕ್ಕದಲ್ಲೇ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್. 1713ರಿಂದ ಅಲ್ಲಿ ಡೀನ್ ಆಗಿದ್ದವರು ಗಲಿವರನ ಕಥೆ ಬರೆದ ಜೊನಾಥನ್ ಸ್ವಿಫ್ಟ್. ಮಗ್ಗ ನಿಂತ ಮನೆಗಳ ಹಸಿವನ್ನು ಕಣ್ಣಾರೆ ಕಂಡ ಅವರು 1720ರಲ್ಲಿ ಒಂದು ಕಿರುಹೊತ್ತಗೆ ಬರೆದು, ಐರಿಷ್ ಜನ ಐರಿಷ್ ಬಟ್ಟೆಯನ್ನೇ ಉಡಬೇಕೆಂದು ಕರೆಕೊಟ್ಟರು. ಬರೆದವರ ಹೆಸರು ಅದರಲ್ಲಿ ಇರಲಿಲ್ಲ, ಹಾಗಾಗಿ ಸರ್ಕಾರ ಮೊಕದ್ದಮೆ ಹೂಡಿದ್ದು ಪಾಪ ಮುದ್ರಕನ ಮೇಲೆ! ನಮ್ಮಲ್ಲಿ ಸ್ವದೇಶಿ ಎಂಬ ಮಾತು ಮೊಳಗುವುದಕ್ಕೆ ಇನ್ನೂ ಎರಡು ಶತಮಾನ ಬಾಕಿಯಿತ್ತು.

ಆದರೆ ಸುಂಕವೆಂಬುದು ಮನೆಯ ಒಲೆಯವರೆಗೆ ಹೇಗೆ ಬರುತ್ತದೆಂದು ತಿಳಿಯಬೇಕಾದರೆ 1932ಕ್ಕೆ ಹೋಗಬೇಕು. ಇಲ್ಲಿನವರು ಅದನ್ನು ಆರ್ಥಿಕ ಯುದ್ಧ ಎಂದೇ ಕರೆಯುತ್ತಾರೆ. ಹಿನ್ನೆಲೆ ಹೀಗಿದೆ. ಬ್ರಿಟಿಷರ ಆಡಳಿತದ ಕೊನೆಯ ದಶಕಗಳಲ್ಲಿ ಐರಿಷ್ ಗೇಣಿದಾರರು ಸರ್ಕಾರದ ಸಾಲ ಪಡೆದು ಜಮೀನ್ದಾರರಿಂದ ಭೂಮಿ ಕೊಂಡಿದ್ದರು. ವರ್ಷವರ್ಷವೂ ಅದರ ಕಂತು ಕಟ್ಟಬೇಕು. ದೇಶ ಸ್ವತಂತ್ರವಾದ ಮೇಲೂ ಡಬ್ಲಿನ್ ಸರ್ಕಾರ ರೈತರಿಂದ ಕಂತು ವಸೂಲು ಮಾಡಿ ಲಂಡನ್ನಿಗೆ ಕಳಿಸುತ್ತಿತ್ತು. ವರ್ಷಕ್ಕೆ ಸುಮಾರು 30 ಲಕ್ಷ ಪೌಂಡು. 1932ರ ಮಾರ್ಚಿನಲ್ಲಿ ಅಧಿಕಾರಕ್ಕೆ ಬಂದ ಡಿ ವಲೆರಾ, ನಮ್ಮದೇ ನೆಲಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು ಎಂದು ಅದನ್ನು ನಿಲ್ಲಿಸಿದರು. ಅಮ್ಮನ ಪ್ರಶ್ನೆಗೂ ಇದಕ್ಕೂ ಎಷ್ಟು ಹತ್ತಿರ, ನೋಡಿ!

ಬ್ರಿಟನ್ ಸುಮ್ಮನಿರಲಿಲ್ಲ. ಅದೇ ಜುಲೈನಲ್ಲಿ ಐರಿಷ್ ದನ, ಬೆಣ್ಣೆ, ಮೊಟ್ಟೆ ಮೊದಲಾದವುಗಳ ಮೇಲೆ ನೂರಕ್ಕೆ 20ರಂತೆ ಸುಂಕ ಹಾಕಿತು. ಆಮೇಲೆ ಅದನ್ನು ಏರಿಸಿತು, ದನಗಳ ಸಂಖ್ಯೆಗೂ ಮಿತಿ ಹಾಕಿತು. ಐರ್ಲೆಂಡ್ ತಿರುಗಿ ಬ್ರಿಟನ್ನಿನ ಕಲ್ಲಿದ್ದಲು, ಸಿಮೆಂಟುಗಳ ಮೇಲೆ ಸುಂಕ ಹಾಕಿತು. ಆಗ ಐರ್ಲೆಂಡಿನ ರಫ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗುತ್ತಿದ್ದದ್ದು ಬ್ರಿಟನ್ನಿಗೇ. 1931ರಲ್ಲಿ ಸುಮಾರು 3 ಕೋಟಿ 60 ಲಕ್ಷ ಪೌಂಡಿದ್ದ ರಫ್ತು 1934ರ ಹೊತ್ತಿಗೆ ಅದರ ಅರ್ಧಕ್ಕೆ ಇಳಿಯಿತು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದ ಕಾಲವೂ ಹೌದು, ಆದರೆ ಗಾಯದ ಮೇಲೆ ಬರೆ ಎಳೆದದ್ದು ಈ ಸುಂಕ.

ಈಗ ಇಬ್ಬರು ದೊಡ್ಡವರ ಜಗಳದಲ್ಲಿ ಹತ್ತು ದನ ಸಾಕಿದ ರೈತನ ಲೆಕ್ಕ ನೋಡೋಣ. ಡಬ್ಲಿನ್ ಸರ್ಕಾರ ಅವನ ಕಂತನ್ನು ಮನ್ನಾ ಮಾಡಲಿಲ್ಲ. 1933ರಲ್ಲಿ ಅರ್ಧಕ್ಕೆ ಇಳಿಸಿ, ಆ ಅರ್ಧವನ್ನು ತಾನೇ ಇಟ್ಟುಕೊಂಡಿತು. ಲಂಡನ್ ಸರ್ಕಾರ ತನಗೆ ಬರಬೇಕಾದದ್ದರ ಬಹುಪಾಲನ್ನು ಸುಂಕದ ರೂಪದಲ್ಲಿ ಅವನ ದನದ ಬೆಲೆಯಿಂದಲೇ ವಸೂಲು ಮಾಡಿಕೊಂಡಿತು. ಅಂದರೆ ಒಂದೇ ಸಾಲವನ್ನು ಅವನು ಎರಡು ಕಡೆ ತೀರಿಸಿದ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಒಂದೇ ಖಾತೆಯಿಂದ ಎರಡು ಸಲ ಕಡಿತವಾಯಿತು, ಆದರೆ ದೂರು ಕೊಡಲು ಸಹಾಯವಾಣಿ ಇರಲಿಲ್ಲ.

ಮಾರಲಾಗದ ದನಗಳಿಗೆ ಮೇವೆಲ್ಲಿಂದ ತರುವುದು? 1934ರಲ್ಲಿ ಸರ್ಕಾರವೇ ಕರುಗಳನ್ನು ಕೊಲ್ಲಲು ಉತ್ತೇಜನ ಕೊಟ್ಟಿತು, ಒಂದು ಕರುವಿನ ಚರ್ಮಕ್ಕೆ 10 ಷಿಲಿಂಗ್. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಈ ಭಾಗ ಓದುವಾಗ ಪುಸ್ತಕ ಮುಚ್ಚಿಡಬೇಕೆನಿಸಿತು. ಮಾಂಸ ತಿನ್ನುವ ಐರಿಷ್ ರೈತನಿಗೂ ಅದು ಸುಲಭವಾಗಿರಲಿಲ್ಲ, ಕರು ಎಂದರೆ ಮುಂದಿನ ವರ್ಷದ ಸಂಸಾರ. ಉಳಿದ ಮಾಂಸವನ್ನು ಬಡವರಿಗೆ ಪುಕ್ಕಟೆ ಹಂಚಿದರು. ಕಂತು ಕಟ್ಟಲು ಒಪ್ಪದ ರೈತರ ದನಗಳನ್ನು ಜಪ್ತಿ ಮಾಡಿ ಹರಾಜು ಹಾಕಿದರು. ಅಂಥ ಒಂದು ಹರಾಜಿನ ಹೊತ್ತಿನಲ್ಲಿ, 1934ರ ಆಗಸ್ಟಿನಲ್ಲಿ, ಕಾರ್ಕ್ ನಗರದ ಮಾರ್ಷ್ ಯಾರ್ಡಿನಲ್ಲಿ ಪೊಲೀಸರ ಗುಂಡಿಗೆ ಹುಡುಗನೊಬ್ಬ ಸತ್ತ.

ಗಡಿಯ ಕಥೆ ಇನ್ನೊಂದು. 1923ರ ಏಪ್ರಿಲ್ 1ರಿಂದಲೇ ಉತ್ತರ ಐರ್ಲೆಂಡಿನ ಗಡಿಯಲ್ಲಿ ಸುಂಕದ ಕಟ್ಟೆಗಳು ಎದ್ದಿದ್ದವು. ಆರ್ಥಿಕ ಯುದ್ಧ ಬಂದಾಗ ರಫ್ತು ಉಳಿಸಿಕೊಳ್ಳಲು ಡಬ್ಲಿನ್ ಸರ್ಕಾರ ಸಹಾಯಧನ ಕೊಟ್ಟಿತು. ಹೀಗಾಗಿ ಐರಿಷ್ ಬೆಣ್ಣೆ ಐರ್ಲೆಂಡಿಗಿಂತ ಗಡಿಯಾಚೆಯೇ ಅಗ್ಗವಾಯಿತು! ಹಾಲು ಕರೆದವಳ ಮನೆಯಲ್ಲಿ ಬೆಣ್ಣೆ ತುಟ್ಟಿ. ಅದೇ ಬೆಣ್ಣೆ ಕೋಟಿನೊಳಗೆ, ಬುಟ್ಟಿಯ ತಳದಲ್ಲಿ ಕದ್ದು ವಾಪಸು ಬಂತು. ರಾತ್ರಿ ಹೊತ್ತು ದನಗಳು ಹೊಲಗಳ ಮೂಲಕ ಆಚೆಗೆ ಹೋದವು.

ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಸುಂಕದ ಬೇಲಿಯೊಳಗೆ ಸಣ್ಣ ಊರುಗಳಲ್ಲಿ ಚಪ್ಪಲಿ, ಬಟ್ಟೆಯ ಕಾರ್ಖಾನೆಗಳು ಬಂದವು. ಮ್ಯಾಲೋ, ಥರ್ಲ್ಸ್, ಟ್ಯೂಮ್‌ಗಳಲ್ಲಿ ಸಕ್ಕರೆ ಕಾರ್ಖಾನೆಗಳು ಬಂದು ಬೀಟ್ ಬೆಳೆದವರಿಗೆ ನಾಲ್ಕು ಕಾಸು ಸಿಕ್ಕಿತು. 1935ರಲ್ಲಿ ಕಲ್ಲಿದ್ದಲಿಗೆ ದನ ಎಂಬ ಕೊಡುಕೊಳೆಯ ಒಪ್ಪಂದವಾಯಿತು. ಕಡೆಗೆ 1938ರ ಏಪ್ರಿಲ್ 25ರಂದು ರಾಜಿಯಾಗಿ, ಒಂದು ಕೋಟಿ ಪೌಂಡು ಒಂದೇ ಗಂಟಿಗೆ ಕೊಟ್ಟು ಐರ್ಲೆಂಡ್ ಎಲ್ಲ ಕಂತುಗಳಿಂದ ಬಿಡುಗಡೆಯಾಯಿತು. ಬ್ರಿಟಿಷ್ ನೌಕಾಪಡೆಯ ಕೈಯಲ್ಲಿದ್ದ ಮೂರು ಬಂದರುಗಳೂ ಮರಳಿ ಬಂದವು. ದೇಶ ಗೆದ್ದಿತು. ಹತ್ತು ದನದ ರೈತ ಗೆದ್ದನೇ? ಬೇಲಿ ಮಾತ್ರ ಎಷ್ಟೋ ಕಾಲ ಉಳಿಯಿತು. ಅದರೊಳಗೆ ಸಾಮಾನು ತುಟ್ಟಿ, ಕೆಲಸ ಕಡಿಮೆ. 1950ರ ದಶಕವೊಂದರಲ್ಲೇ ನಾಲ್ಕು ಲಕ್ಷದಷ್ಟು ಜನ ದೇಶ ಬಿಟ್ಟರು. ಅಮೆರಿಕಕ್ಕೆ ಹೋದವರು ಊರಿಗೆ ಕಳಿಸುತ್ತಿದ್ದ ಬಟ್ಟೆಯ ಕಟ್ಟುಗಳನ್ನು ಇಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ, ಆ ಡಬ್ಬ ಬಿಚ್ಚಿದಾಗ ಬರುತ್ತಿದ್ದ ವಾಸನೆಯನ್ನು ವರ್ಣಿಸುವಾಗ ನಮಗೆ ಅಮ್ಮನ ಡಬ್ಬ ನೆನಪಾಗುತ್ತದೆ. ಆ ಡಬ್ಬ ಹೊರಗಿನಿಂದ ಒಳಗೆ ಬರುತ್ತಿತ್ತು, ನಮ್ಮದು ಊರಿನಿಂದ ಹೊರಗೆ, ಅಷ್ಟೇ ವ್ಯತ್ಯಾಸ.

1973ರಲ್ಲಿ ಐರ್ಲೆಂಡ್ ಯುರೋಪಿನ ಒಕ್ಕೂಟ ಸೇರಿತು, 1993ರಲ್ಲಿ ಗಡಿಯ ಸುಂಕದ ಕಟ್ಟೆಗಳು ಮುಚ್ಚಿದವು. ನಮ್ಮಂಥವರು ಇಲ್ಲಿಗೆ ಬಂದಾಗ ಸುಂಕವೆಂಬುದು ಪಠ್ಯಪುಸ್ತಕದ ಪದವಾಗಿತ್ತು. ಬ್ರೆಕ್ಸಿಟ್ ಬಂದು 2021ರ ಜನವರಿ 1ರಿಂದ ಅದು ಮತ್ತೆ ಮನೆಬಾಗಿಲಿಗೆ ಬಂತು.

ನಮ್ಮ ಬಳಗದಲ್ಲಿ ಬಾಗಲಕೋಟೆ ಕಡೆಯ ಅಕ್ಕ ಒಬ್ಬರಿದ್ದಾರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ತರಿಸಿ, ಮನೆಯಿಂದಲೇ ಆನ್‌ಲೈನ್ ಮಾರುತ್ತಿದ್ದರು. ಅವರ ಗಿರಾಕಿಗಳಲ್ಲಿ ಅರ್ಧ ಜನ ಲೆಸ್ಟರ್, ಲಂಡನ್ನಿನವರು. ಮೊದಲು ಅಂಚೆಚೀಟಿ ಅಂಟಿಸಿ ಕಳಿಸಿದರೆ ಮುಗಿಯುತ್ತಿತ್ತು. 2021ರಿಂದ, 135 ಪೌಂಡಿನೊಳಗಿನ ಒಂದೇ ಒಂದು ಸೀರೆಯನ್ನು ಅಲ್ಲಿನ ಗಿರಾಕಿಗೆ ನೇರವಾಗಿ ಮಾರಬೇಕಾದರೂ ಇವರು ಬ್ರಿಟನ್ನಿನ ವ್ಯಾಟ್ ನೋಂದಣಿ ಮಾಡಿಸಬೇಕಾಯಿತು. ಅತ್ತ ಲೆಸ್ಟರ್ ಅಂಗಡಿಯಿಂದ ಸಾಮಾನು ತರಿಸುವ ನಮಗೂ ಪಾಠವಾಯಿತು. ಬ್ರಿಟನ್ ಮತ್ತು ಯುರೋಪಿನ ಒಪ್ಪಂದದಲ್ಲಿ ಸುಂಕವಿಲ್ಲ ನಿಜ, ಆದರೆ ಅದು ಬ್ರಿಟನ್ನಿನಲ್ಲೇ ತಯಾರಾದ ಸಾಮಾನಿಗೆ. ಭಾರತದಲ್ಲಿ ನೇಯ್ದದ್ದು ಲೆಸ್ಟರಿನಲ್ಲಿ ಎಷ್ಟು ದಿನ ಕೂತಿದ್ದರೂ ಭಾರತದ್ದೇ. 2021ರ ಜುಲೈ 1ರಿಂದ, 22 ಯೂರೋವರೆಗಿನ ಸಣ್ಣ ಕಟ್ಟುಗಳಿಗೆ ಇದ್ದ ವ್ಯಾಟ್ ವಿನಾಯಿತಿಯೂ ಹೋಯಿತು.

ಲೆಕ್ಕ ಸರಳ. 60 ಯೂರೋ ಸೀರೆ, 15 ಯೂರೋ ಅಂಚೆವೆಚ್ಚ, ಒಟ್ಟು 75. ಅದಕ್ಕೆ 23ರಂತೆ 17 ಯೂರೋ 25 ಸೆಂಟ್. ಇದರ ಮೇಲೆ ಕಟ್ಟು ಬಿಡಿಸುವ ಶುಲ್ಕ. ಕಂಟೇನರಿನಲ್ಲಿ ಸಾವಿರ ಸೀರೆ ತರಿಸುವವನಿಗೆ ಕಾಗದಪತ್ರದ ಖರ್ಚು ಸೀರೆಗಿಷ್ಟು ಸೆಂಟ್. ಅಕ್ಕನಿಗೆ ಅದೇ ಖರ್ಚು ಒಂದೊಂದು ಕಟ್ಟಿಗೂ. ತಲೆಯ ಮೇಲೆ ಒಂದೇ ಬುಟ್ಟಿ ಹೊತ್ತವರ ಪಾಡು ಇದು. ಒಮ್ಮೆ ಅವರು ನಗುತ್ತಲೇ ಅಂದರು: "ಸೀರಿ ಮಾರಿ ಬಂದ ಲಾಭ ಎಲ್ಲಾ ಫಾರಂ ತುಂಬೂದಕ್ಕ ಹೋತು ನೋಡ್ರಿ."

2025ರ ಗೌರಿ-ಗಣೇಶಕ್ಕೆ ಅಮೆರಿಕದ ನಮ್ಮ ಬಂಧುಗಳಿಗೂ ಇದರ ಬಿಸಿ ತಟ್ಟಿತು. ಚೌತಿಯ ದಿನ, ಆಗಸ್ಟ್ 27ರಂದೇ, ಭಾರತದ ಬಹಳಷ್ಟು ಸಾಮಾನಿನ ಮೇಲೆ ಅಲ್ಲಿ ನೂರಕ್ಕೆ 50 ಸುಂಕ ಜಾರಿಯಾಯಿತು. 29ರಂದು 800 ಡಾಲರೊಳಗಿನ ಕಟ್ಟುಗಳ ವಿನಾಯಿತಿ ಹೋಯಿತು. ಅದಕ್ಕೂ ಮುಂಚೆ, 25ರಿಂದಲೇ, ಭಾರತೀಯ ಅಂಚೆ ಅಮೆರಿಕಕ್ಕೆ ಹೋಗುವ ಬಹುತೇಕ ಕಟ್ಟುಗಳನ್ನು ನಿಲ್ಲಿಸಿತ್ತು. ಯುರೋಪಿನ ಮಂತ್ರಿಗಳೂ ಆ ಡಿಸೆಂಬರಿನಲ್ಲಿ, 150 ಯೂರೋ ಒಳಗಿನ ಆನ್‌ಲೈನ್ ಕಟ್ಟುಗಳಲ್ಲಿ ಒಂದೊಂದು ಬಗೆಯ ಸಾಮಾನಿಗೂ 3 ಯೂರೋ ಸುಂಕವನ್ನು 2026ರ ಜುಲೈ 1ರಿಂದ ಹಾಕಲು ಒಪ್ಪಿದರು. ಗುರಿ ಇದ್ದದ್ದು ಚೀನಾದಿಂದ ಬರುವ ಕೋಟಿಗಟ್ಟಲೆ ಕಟ್ಟುಗಳ ಮೇಲೆ.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಬೇಕು. ಅಮ್ಮನ ಆ ಡಬ್ಬದ ನಂತರ ನಾವೇ ಊರಿಗೆ ಹೇಳಿಕೊಟ್ಟೆವು: ಗಿಫ್ಟ್ ಎಂದು ಬರೆಯಿರಿ, ಬೆಲೆ ಕಡಿಮೆ ಹಾಕಿ. ಒಂದೆರಡು ವರ್ಷ ಹಾಗೇ ನಡೆಯಿತು. ನಮ್ಮಂತೆ ಇನ್ನೂ ಹಲವರು. ಕಾನೂನು ತಪ್ಪಿದ್ದಂತೂ ಆಯಿತು. ಅದಕ್ಕಿಂತ ಮನಸ್ಸಿಗೆ ಚುಚ್ಚಿದ್ದು, ಪೈಸೆ ಪೈಸೆಗೂ ಸುಂಕ ಕಟ್ಟಿ ಬಿಲ್ಲು ಕೊಡುತ್ತಿದ್ದ ಅಕ್ಕನ ಸೀರೆ ನಮಗೆ ತುಟ್ಟಿಯಾಗಿ ಕಂಡದ್ದು ಈ ಕಾರಣಕ್ಕೇ ಎಂಬುದು. ಕಳೆದ ದೀಪಾವಳಿಗೆ ಅವರು ಅಂಗಡಿ ಮುಚ್ಚುವ ಮಾತಾಡಿದಾಗ ನಮಗೆ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ. ಸುಂಕ ಹಾಕಿದವರು ಬ್ರಸೆಲ್ಸಿನವರು, ಲಂಡನ್ನಿನವರು ಇರಬಹುದು. ಅಕ್ಕನ ವ್ಯಾಪಾರ ಕೆಡಿಸಿದವರಲ್ಲಿ ನಾವೂ ಇದ್ದೆವು.

ಇತಿಹಾಸ ಓದಿದ್ದರಿಂದ ಒಂದು ಉಪಯೋಗವೂ ಆಯಿತು. ಸುಂಕವನ್ನು ತಪ್ಪಿಸುವುದು ಸಣ್ಣವರ ಕೈಯಲ್ಲಿಲ್ಲ, ಆದರೆ ಬುಟ್ಟಿಗಳನ್ನು ಒಟ್ಟು ಮಾಡುವುದು ಇದೆ. 1889ರಲ್ಲಿ ಲಿಮರಿಕ್ ಜಿಲ್ಲೆಯ ಡ್ರಮ್‌ಕಾಲಹರ್ ಎಂಬ ಹಳ್ಳಿಯಲ್ಲಿ ಹೊರೇಸ್ ಪ್ಲಂಕೆಟ್ ಅವರ ಪ್ರಯತ್ನದಿಂದ ಐರ್ಲೆಂಡಿನ ಮೊದಲ ಸಹಕಾರಿ ಹಾಲಿನ ಕೇಂದ್ರ ಶುರುವಾಯಿತು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಎರಡೂ ಕಡೆ ಒಬ್ಬೊಬ್ಬರೇ ಸೋಲುತ್ತಿದ್ದವರು ಕೂಡಿ ನಿಂತರು.

ಹಾಗಾಗಿ ನಮ್ಮ ಬಳಗದ ಹತ್ತು ಮನೆಗಳು ಸೇರಿ ಅಕ್ಕನ ಮೂಲಕ ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದಸರೆಗೆ, ಒಂದೇ ದೊಡ್ಡ ಕಟ್ಟು ತರಿಸುವುದೆಂದು ಮಾತಾಗಿದೆ. 150 ಯೂರೋ ಮೀರಿದ ಕಟ್ಟಾದ್ದರಿಂದ ಪೂರ್ತಿ ಸೀಮಾಸುಂಕ ಬೀಳುತ್ತದೆ, ವ್ಯಾಟೂ ಇದ್ದೇ ಇದೆ. ಹತ್ತು ಸಲದ ಶುಲ್ಕ ಮತ್ತು ಫಾರಂ ಒಂದಕ್ಕೆ ಇಳಿಯುತ್ತದೆ. ದೊಡ್ಡ ಉಳಿತಾಯವೇನಲ್ಲ, ಆದರೆ ಅಕ್ಕನ ಅಂಗಡಿ ಈ ಯುಗಾದಿಯವರೆಗಂತೂ ತೆರೆದಿರುತ್ತದೆ. ಹನ್ನೊಂದನೆಯ ಮನೆಗೂ ಜಾಗವಿದೆ, ಬರುವ ತಿಂಗಳ ಸಭೆಯಲ್ಲಿ ಹೆಸರು ಕೊಡಿ.

ಅಂದ ಹಾಗೆ, ಅಮ್ಮನಿಗೆ ಫೋನ್ ಮಾಡಿ ಇನ್ನು ಮುಂದೆ ನಿಜವಾದ ಬೆಲೆಯನ್ನೇ ಬರೆಯಮ್ಮ ಎಂದೆವು. "ನಾನು ಮೊದಲಿಂದ ಅದನ್ನೇ ತಾನೇ ಬರೀತಿದ್ದದ್ದು, ಬೇಡ ಅಂದವರು ನೀವೇ" ಎಂದಳು.