ಬೊಕ್ಕಸ ತೆರೆಯಲು ಅಂಜಿದ ಕೈ

1932ರ ಅಕ್ಟೋಬರ್ 19. ಅಮೆರಿಕದ ಉಕ್ಕಿನ ನಗರ ಪಿಟ್ಸ್‌ಬರ್ಗ್‌ನ ಬೇಸ್‌ಬಾಲ್ ಮೈದಾನದಲ್ಲಿ ಚುನಾವಣಾ ಸಭೆ. ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಂದು ಆಡಳಿತ ಪಕ್ಷವನ್ನು ತೀವ್ರವಾಗಿ ತರಾಟೆಗೆ ತೆಗೆದುಕೊಂಡರು. ಅವರ ಆರೋಪವೇನು? ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಸರ್ಕಾರ ಬಡವರಿಗಾಗಿ ಖರ್ಚು ಮಾಡುತ್ತಿಲ್ಲ ಎಂದಲ್ಲ, ಮಿತಿಮೀರಿ ಖರ್ಚು ಮಾಡುತ್ತಿದೆ ಎಂದು! ತಾವು ಗೆದ್ದರೆ ಸರ್ಕಾರ ನಡೆಸುವ ವೆಚ್ಚದಲ್ಲಿ ಶೇ 25ರಷ್ಟು ಕಡಿತ ಮಾಡುವುದಾಗಿ ಅವರು ಮಾತು ಕೊಟ್ಟರು. ಜೊತೆಗೆ ಒಂದು ಚಿಕ್ಕ ಕಿಂಡಿಯನ್ನೂ ಬಿಟ್ಟುಕೊಂಡರು. ಜನ ಹಸಿವಿನಿಂದ ನರಳುವ ಸ್ಥಿತಿ ಬಂದರೆ ಲೆಕ್ಕ ತಪ್ಪಿದರೂ ಸರಿ, ನಿಜವನ್ನು ಜನರ ಮುಂದಿಟ್ಟು ಹೆಚ್ಚಿನ ಹಣ ಕೇಳುವುದಾಗಿ ಹೇಳಿದರು.

ಮುಂದಿನ ಹತ್ತು ವರ್ಷಗಳ ಅಮೆರಿಕದ ಹಣಕಾಸಿನ ಕಥೆಯೆಲ್ಲ ಆ ವಾಗ್ದಾನ ಮತ್ತು ಈ ಕಿಂಡಿಯ ನಡುವಿನ ಜಗ್ಗಾಟ ಎನ್ನಬಹುದು. ಶಾಲೆಯ ಪುಸ್ತಕಗಳಲ್ಲಿ ಬರುವ ರೂಸ್‌ವೆಲ್ಟ್ ಬೊಕ್ಕಸದ ಬಾಗಿಲನ್ನು ಹಾರು ಹೊಡೆದು ಮುಗ್ಗಟ್ಟನ್ನು ಓಡಿಸಿದ ವೀರ. ‘ನ್ಯೂ ಡೀಲ್’ ಎಂಬ ಅವರ ಕಾರ್ಯಕ್ರಮವನ್ನು ಹೊಗಳುವವರೂ ತೆಗಳುವವರೂ ಈ ಚಿತ್ರವನ್ನು ಒಪ್ಪಿಬಿಡುತ್ತಾರೆ. ಲೆಕ್ಕದ ಪುಸ್ತಕಗಳು ಹೇಳುವ ಕಥೆ ಬೇರೆ.

ಆ ಮುಗ್ಗಟ್ಟಿನ ಆಳವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ, ಅಂದರೆ ಸುಮಾರು 1 ಕೋಟಿ 28 ಲಕ್ಷ ಜನರಿಗೆ, ಕೆಲಸವಿರಲಿಲ್ಲ. ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದ್ದವು. ನಿರುದ್ಯೋಗ ಭತ್ಯೆಯಾಗಲಿ ವೃದ್ಧಾಪ್ಯ ವೇತನವಾಗಲಿ ರಾಷ್ಟ್ರಮಟ್ಟದಲ್ಲಿ ಇರಲೇ ಇಲ್ಲ. ಬಡವರನ್ನು ನೋಡಿಕೊಳ್ಳುವುದು ಊರಿನ ಪೌರಸಭೆ, ಚರ್ಚು, ಧರ್ಮಸಂಸ್ಥೆಗಳ ಕೆಲಸ ಎಂಬುದೇ ಅಲ್ಲಿನ ನಂಬಿಕೆ. ಆ ಸಂಸ್ಥೆಗಳ ಕೈಯೇ ಬರಿದಾದಾಗ ಗಂಜಿ ಸಾಲುಗಳು ಬೆಳೆದವು.

ಹೂವರ್ ಕೈಕಟ್ಟಿ ಕುಳಿತಿದ್ದರು ಎಂಬುದೂ ಪೂರ್ತಿ ನಿಜವಲ್ಲ. 1932ರ ಜನವರಿಯಲ್ಲಿ ಬ್ಯಾಂಕು, ರೈಲ್ವೆ ಕಂಪೆನಿಗಳಿಗೆ ಸಾಲ ಕೊಡಲು ಅವರು ಒಂದು ಸರ್ಕಾರಿ ಹಣಕಾಸು ನಿಗಮ ಸ್ಥಾಪಿಸಿದರು. ಜುಲೈನಲ್ಲಿ ಪರಿಹಾರ ಕಾರ್ಯಕ್ಕೆಂದು ರಾಜ್ಯಗಳಿಗೆ 30 ಕೋಟಿ ಡಾಲರ್ ಸಾಲ ನೀಡುವ ಕಾಯಿದೆಗೆ ಸಹಿ ಹಾಕಿದರು. ಆದರೆ ಅದೇ ವರ್ಷ ಆಯವ್ಯಯ ಸರಿದೂಗಿಸಲೆಂದು ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 25ರಿಂದ ಶೇ 63ಕ್ಕೆ ಏರಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತು.

1933ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡ ರೂಸ್‌ವೆಲ್ಟ್ ಮೊದಲು ಬ್ಯಾಂಕುಗಳನ್ನು ಮುಚ್ಚಿಸಿ, ಗಟ್ಟಿಯಾದವನ್ನು ಆರಿಸಿ ತೆರೆಸಿದರು. ಅದರ ಹಿಂದೆಯೇ ಮಾರ್ಚ್ 20ರಂದು ಬಂದದ್ದು ಮಿತವ್ಯಯ ಕಾಯಿದೆ. ಸರ್ಕಾರಿ ನೌಕರರ ಸಂಬಳದಲ್ಲಿ ಶೇ 15ರವರೆಗೆ ಕಡಿತ. ಮಾಜಿ ಸೈನಿಕರ ಪಿಂಚಣಿ, ಸವಲತ್ತುಗಳಿಗೂ ಕತ್ತರಿ. ಪಿಟ್ಸ್‌ಬರ್ಗ್‌ನ ಮಾತನ್ನು ಅವರು ನಿಜವಾಗಿಯೂ ನಂಬಿದ್ದರು. ಆದರೆ ಹಸಿವು ಕಣ್ಣೆದುರಿಗಿತ್ತು. ಹಾಗಾಗಿ ಒಂದು ಜಾಣ ಉಪಾಯ ಹುಡುಕಲಾಯಿತು. ಲೆಕ್ಕವನ್ನು ಎರಡು ಮಾಡಿ, ‘ಸಾಮಾನ್ಯ’ ಬಜೆಟ್ ಒಂದು, ‘ತುರ್ತು’ ಬಜೆಟ್ ಇನ್ನೊಂದು ಎಂದರು. ಮೊದಲನೆಯದರಲ್ಲಿ ಉಳಿತಾಯ, ಎರಡನೆಯದರಲ್ಲಿ ಸಾಲ. ಮನೆಖರ್ಚಿನಲ್ಲಿ ಒಂದು ಕಾಸೂ ಹೆಚ್ಚಾಗಿಲ್ಲ, ಆಸ್ಪತ್ರೆಯ ಖರ್ಚು ಮಾತ್ರ ಬೇರೆ ಎಂದು ಹೇಳುವ ಯಜಮಾನನ ತರ್ಕವಿದು.

ಆ ತುರ್ತು ಬಜೆಟ್ಟಿನ ಹಣ ಎರಡು ಬಗೆಯ ಮನುಷ್ಯರ ಕೈಗೆ ಬಂತು. ಒಬ್ಬರು ಹ್ಯಾರಿ ಹಾಪ್‌ಕಿನ್ಸ್, ಅಯೋವಾ ರಾಜ್ಯದಲ್ಲಿ ಹುಟ್ಟಿ ಸಮಾಜಸೇವೆಯಿಂದ ಬಂದವರು. 1933ರ ಮೇ ತಿಂಗಳಲ್ಲಿ 50 ಕೋಟಿ ಡಾಲರಿನ ಪರಿಹಾರ ಕಾಯಿದೆ ಅಂಗೀಕಾರವಾದಾಗ ಅದರ ಹೊಣೆ ಇವರಿಗೆ ಬಂತು. ಕಚೇರಿ ಇನ್ನೂ ಸಜ್ಜಾಗಿರದಿದ್ದ ಕಾರಣ ಓಣಿಯಲ್ಲೇ ಮೇಜು ಹಾಕಿಸಿ ಕುಳಿತ ಹಾಪ್‌ಕಿನ್ಸ್, ಮೊದಲ ಎರಡು ಗಂಟೆಗಳಲ್ಲಿ 50 ಲಕ್ಷ ಡಾಲರಿಗೂ ಮೀರಿದ ಹಣವನ್ನು ರಾಜ್ಯಗಳಿಗೆ ಮಂಜೂರು ಮಾಡಿದರು. ದೀರ್ಘಕಾಲದಲ್ಲಿ ಎಲ್ಲ ಸರಿಹೋಗುತ್ತದೆ ಎಂದವರಿಗೆ, ಜನ ಊಟ ಮಾಡುವುದು ದೀರ್ಘಕಾಲದಲ್ಲಲ್ಲ, ದಿನಾ ದಿನಾ ಎಂದು ಅವರು ಉತ್ತರಿಸಿದ್ದುಂಟು.

ಇನ್ನೊಬ್ಬರು ಒಳಾಡಳಿತ ಕಾರ್ಯದರ್ಶಿ ಹೆರಾಲ್ಡ್ ಇಕೀಸ್. 1933ರ ಜೂನ್‌ನಲ್ಲಿ ಲೋಕೋಪಯೋಗಿ ಕಾಮಗಾರಿಗಳಿಗೆಂದು ಮಂಜೂರಾದ 330 ಕೋಟಿ ಡಾಲರ್ ಇವರ ವಶದಲ್ಲಿತ್ತು. ಪ್ರಾಮಾಣಿಕರೆಂದರೆ ಪ್ರಾಮಾಣಿಕರು, ಸಂಶಯಪಿಶಾಚಿಯೂ ಹೌದು. ಕಾಮಗಾರಿ ಎಂದರೆ ಕಮಿಷನ್ ಎಂಬುದು ಆ ದೇಶಕ್ಕೂ ಹೊಸ ವಿಷಯವಾಗಿರಲಿಲ್ಲ. ಹೀಗಾಗಿ ಇಕೀಸ್ ಗುತ್ತಿಗೆ ಪತ್ರಗಳನ್ನು ತಾವೇ ಓದುತ್ತಿದ್ದರು. ಅವರ ಕಾಲದ ಕಾಮಗಾರಿಗಳಲ್ಲಿ ಗ್ರ್ಯಾಂಡ್ ಕೂಲಿ ಅಣೆಕಟ್ಟು, ನ್ಯೂಯಾರ್ಕಿನ ಟ್ರೈಬರೋ ಸೇತುವೆಗಳಂಥ ಗಟ್ಟಿ ಕೆಲಸಗಳಿವೆ. ಆದರೆ ನಕ್ಷೆ, ಅಂದಾಜು, ಟೆಂಡರ್ ಎನ್ನುತ್ತ ಹಣ ಕೂಲಿಯವನ ಕೈ ಸೇರುವಷ್ಟರಲ್ಲಿ ತಿಂಗಳುಗಳೇ ಉರುಳುತ್ತಿದ್ದವು. ಹಸಿದವನಿಗೆ ಅಣೆಕಟ್ಟಿನ ನಕ್ಷೆ ಊಟವಾಗುವುದಿಲ್ಲವಷ್ಟೆ.

ಚಳಿಗಾಲ ಹತ್ತಿರ ಬಂದಾಗ ರೂಸ್‌ವೆಲ್ಟ್ ಹಾಪ್‌ಕಿನ್ಸ್ ಕಡೆ ತಿರುಗಿದರು. 1933ರ ನವೆಂಬರಿನಲ್ಲಿ ಶುರುವಾದ ನಾಗರಿಕ ಕಾಮಗಾರಿ ಆಡಳಿತ ಎರಡೇ ತಿಂಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತು. ರಸ್ತೆ, ಶಾಲೆ ದುರಸ್ತಿ, ವಿಮಾನ ಇಳಿಯುವ ಮೈದಾನಗಳು. ಸಂಬಳ ನಿಂತುಹೋಗಿದ್ದ ಶಿಕ್ಷಕರಿಗೆ ಮತ್ತೆ ಸಂಬಳ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಷ್ಟು ಚೀಟಿ ಬರೆದು, ಇಷ್ಟು ಕೂಲಿ ಬಟವಾಡೆ ಮಾಡಿದ್ದು ಆಡಳಿತದ ಇತಿಹಾಸದಲ್ಲೇ ಒಂದು ಅಚ್ಚರಿ. ಆದರೆ ಖರ್ಚು ಏರುತ್ತಿದ್ದುದನ್ನು ಕಂಡು ಅಧ್ಯಕ್ಷರೇ ಗಾಬರಿಯಾದರು. ಇದು ಕಾಯಂ ಆಗಿಬಿಟ್ಟರೆ ಗತಿಯೇನು? 1934ರ ಮಾರ್ಚ್ ಮುಗಿಯುವಷ್ಟರಲ್ಲಿ ಅದನ್ನು ನಿಲ್ಲಿಸಲಾಯಿತು. ಕಿಂಡಿ ತೆರೆದದ್ದೂ ಅವರೇ, ಮುಚ್ಚಿದ್ದೂ ಅವರೇ.

ಕೆಲಸವಿಲ್ಲದವರು ಮಾತ್ರ ಮಾರ್ಚ್ ತಿಂಗಳೊಂದಿಗೆ ಮುಗಿದುಹೋಗಲಿಲ್ಲ. 1935ರ ಏಪ್ರಿಲ್ 8ರಂದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ತುರ್ತು ಪರಿಹಾರ ವಿನಿಯೋಗ ಕಾಯಿದೆಯನ್ನು ಒಪ್ಪಿತು. ಮೊತ್ತ 488 ಕೋಟಿ ಡಾಲರ್. ಯುದ್ಧವಿಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಹಣ ಒಂದೇ ಗಂಟಿನಲ್ಲಿ ಮಂಜೂರಾದುದು ಅದೇ ಮೊದಲು. ಇದರಿಂದ ಹುಟ್ಟಿದ್ದು ಡಬ್ಲ್ಯುಪಿಎ ಎಂದೇ ಹೆಸರಾದ ಕಾಮಗಾರಿ ಇಲಾಖೆ. ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನ ಇದರಲ್ಲಿ ದುಡಿದರು. ಕೂಲಿ ಊರಿಗೊಂದು ತರಹ, ಕಸುಬಿಗೊಂದು ತರಹ. ತಿಂಗಳಿಗೆ 19 ಡಾಲರಿನಿಂದ 94 ಡಾಲರಿನವರೆಗೆ. ಸುಮಾರು ಆರೂವರೆ ಲಕ್ಷ ಮೈಲಿ ರಸ್ತೆ, ಒಂದೂಕಾಲು ಲಕ್ಷ ಸಾರ್ವಜನಿಕ ಕಟ್ಟಡ, 75,000 ಸೇತುವೆಗಳ ನಿರ್ಮಾಣ ಇಲ್ಲವೆ ದುರಸ್ತಿ ನಡೆಯಿತು. ನಮ್ಮ ಬರ ಪರಿಹಾರ ಕಾಮಗಾರಿಗಳಂತೆ ಮಣ್ಣು ಹೊರುವುದಷ್ಟೇ ಇದರಲ್ಲಿರಲಿಲ್ಲ. ಕೆಂಟಕಿಯ ಗುಡ್ಡಗಾಡಿನಲ್ಲಿ ಹೆಂಗಸರು ಕುದುರೆಯ ಮೇಲೆ ಪುಸ್ತಕ ಹೇರಿಕೊಂಡು ಒಂಟಿ ಮನೆಗಳಿಗೆ ತಲುಪಿಸುತ್ತಿದ್ದರು. ಕೆಲಸವಿಲ್ಲದ ಬರಹಗಾರರು ಹಳ್ಳಿಗಳನ್ನು ಸುತ್ತಿ, ಹಿಂದೊಮ್ಮೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ವೃದ್ಧರ ಬಾಯಿಂದ ಅವರ ಜೀವನಕಥೆಗಳನ್ನು ಬರೆದುಕೊಂಡರು. ಆ ಕೂಲಿ ಹಣ ಇಲ್ಲದಿದ್ದರೆ ಆ ಕಥೆಗಳು ಆ ಮುದುಕರೊಂದಿಗೇ ಮಣ್ಣಾಗುತ್ತಿದ್ದವು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಮಾತ್ರ ಡಬ್ಲ್ಯುಪಿಎ ಕೆಲಸಗಾರನೆಂದರೆ ಸಲಿಕೆಗೆ ಒರಗಿ ನಿಂತ ಸೋಮಾರಿ.

ಸೋಮಾರಿತನದ ಆರೋಪಕ್ಕಿಂತ ಗಂಭೀರವಾದ ದೋಷ ಬೇರೆಯಿತ್ತು. ಮನೆಗೊಬ್ಬರಿಗೆ, ಅದೂ ಸಾಮಾನ್ಯವಾಗಿ ಮನೆಯ ಗಂಡಸಿಗೆ ಕೆಲಸ ಎಂಬ ನಿಯಮದಿಂದ ಹೆಂಗಸರು ಹೊರಗುಳಿದರು. ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಪರಿಹಾರ ಪಟ್ಟಿಯಿಂದ ಹೆಸರು ಹೊಡೆದು, ಕಪ್ಪು ಜನರನ್ನು ಅಗ್ಗದ ಕೂಲಿಗೆ ಜಮೀನುದಾರರ ಹೊಲಗಳಿಗೆ ಅಟ್ಟುವುದಿತ್ತು. 1935ರ ಆಗಸ್ಟಿನ ಸಾಮಾಜಿಕ ಭದ್ರತಾ ಕಾಯಿದೆ ವೃದ್ಧಾಪ್ಯ ವೇತನವನ್ನೂ ನಿರುದ್ಯೋಗ ವಿಮೆಯನ್ನೂ ತಂದಿತು, ನಿಜ. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದು ಹೊರಗಿಟ್ಟಿತು. ಕಪ್ಪು ಜನರಲ್ಲಿ ದುಡಿಯುವ ಸುಮಾರು ಶೇ 65ರಷ್ಟು ಮಂದಿ ಈ ಎರಡು ಕಸುಬುಗಳಲ್ಲೇ ಇದ್ದರು.

ಇನ್ನು ಈ ಕಥೆಯ ದೊಡ್ಡ ವಿಪರ್ಯಾಸಕ್ಕೆ ಬರಬೇಕು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಸೈನಿಕರಿಗೆ 1924ರ ಕಾಯಿದೆಯೊಂದು ಬೋನಸ್ ಕೊಟ್ಟಿತ್ತು. ಕೈಗೆ ಸಿಗುವುದು 1945ರಲ್ಲಿ! ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು ಹಣ ಈಗಲೇ ಬೇಕೆಂದು 1932ರ ಬೇಸಿಗೆಯಲ್ಲಿ ವಾಷಿಂಗ್ಟನ್ನಿಗೆ ಬಂದು, ಅನಕೋಸ್ಟಿಯಾ ನದಿಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಜುಲೈ 28ರಂದು ಜನರಲ್ ಡಗ್ಲಸ್ ಮೆಕಾರ್ಥರ್ ನೇತೃತ್ವದ ಸೈನ್ಯ ಅಶ್ರುವಾಯು ಹೊಡೆದು ಅವರನ್ನು ಚದುರಿಸಿತು. ಗುಡಿಸಲುಗಳು ಉರಿದುಹೋದವು. ಆ ದೃಶ್ಯ ಹೂವರ್ ಅವರಿಗೆ ದುಬಾರಿಯಾಯಿತು. ಆದರೆ ಬೋನಸ್ ವಿಚಾರದಲ್ಲಿ ರೂಸ್‌ವೆಲ್ಟ್ ಕೂಡ ಹೂವರ್ ಅವರಷ್ಟೇ ಬಿಗಿ. ಒಂದು ವರ್ಗಕ್ಕೆ ಮಾತ್ರ ಬೊಕ್ಕಸದಿಂದ ಹಣ ಕೊಡುವುದು ತಪ್ಪೆಂದು ಅವರು ವಿಟೋ ಚಲಾಯಿಸಿದರು. 1936ರ ಜನವರಿಯಲ್ಲಿ ಕಾಂಗ್ರೆಸ್ ಆ ವಿಟೋವನ್ನು ಬದಿಗೊತ್ತಿ ಮಸೂದೆಯನ್ನು ಕಾಯಿದೆ ಮಾಡಿತು. ಅದೇ ಜೂನ್ ತಿಂಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರಿಗೆ ತಲಾ ಸರಾಸರಿ ಸುಮಾರು 550 ಡಾಲರ್ ಬೆಲೆಯ ಬಾಂಡುಗಳು ಬಂದವು.

ಸೈನಿಕರು ಹಣವನ್ನೇನು ಮಾಡಿದರು? ಕಾರು ಕೊಂಡರು, ಮನೆ ಕಟ್ಟಿದರು. ಜೋಶುವಾ ಹೌಸ್‌ಮನ್ ಎಂಬ ಅರ್ಥಶಾಸ್ತ್ರಜ್ಞ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ಅದರ ಬಹುಪಾಲನ್ನು ಬೇಗನೆ ಖರ್ಚು ಮಾಡಿಬಿಟ್ಟರು. ಅಂಗಡಿಗಳಿಗೆ ವ್ಯಾಪಾರ, ಕಾರ್ಖಾನೆಗಳಿಗೆ ಬೇಡಿಕೆ. ಆ ಆರ್ಥಿಕ ವರ್ಷದ ಕೊರತೆ 430 ಕೋಟಿ ಡಾಲರಿಗೆ, ಅಂದರೆ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ 5ಕ್ಕೆ ಏರಿತು. ಶಾಂತಿಕಾಲದ ನ್ಯೂ ಡೀಲ್ ವರ್ಷಗಳಲ್ಲಿ ಬೊಕ್ಕಸ ಅತಿ ಹೆಚ್ಚು ತೆರೆದುಕೊಂಡದ್ದು ಹೀಗೆ, ನ್ಯೂ ಡೀಲಿನ ನಾಯಕನ ಇಚ್ಛೆಗೆ ವಿರುದ್ಧವಾಗಿ.

ಆ ವರ್ಷವೇ ಮತ್ತೆ ಚುನಾವಣೆ. ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್‌ನ ಅದೇ ಮೈದಾನದಲ್ಲಿ ಭಾಷಣ. 1932ರ ವಾಗ್ದಾನಕ್ಕೆ ಏನು ಸಮಜಾಯಿಷಿ ಕೊಡುವುದೆಂದು ರೂಸ್‌ವೆಲ್ಟ್ ತಮ್ಮ ಭಾಷಣ ಬರೆಯುತ್ತಿದ್ದ ಸ್ಯಾಮ್ಯುಯೆಲ್ ರೋಸೆನ್‌ಮನ್ ಅವರನ್ನು ಕೇಳಿದರಂತೆ. ಆ ಭಾಷಣ ಮಾಡಿಯೇ ಇಲ್ಲ ಎಂದು ಸಾಧಿಸಿಬಿಡುವುದೊಂದೇ ದಾರಿ ಎಂದು ರೋಸೆನ್‌ಮನ್ ಸಲಹೆ ಕೊಟ್ಟರಂತೆ. ಭಾರಿ ಬಹುಮತದಿಂದ ಗೆದ್ದ ರೂಸ್‌ವೆಲ್ಟ್ ಆ ಹಳೆಯ ಮಾತನ್ನು ಮರೆತಿರಲಿಲ್ಲ.

1937ರ ಹೊತ್ತಿಗೆ ಉತ್ಪಾದನೆ ಚೇತರಿಸಿಕೊಂಡಿತ್ತು. ಇನ್ನು ಲೆಕ್ಕ ಸರಿಮಾಡಬಹುದು ಎಂದು ಅಧ್ಯಕ್ಷರೂ ಖಜಾನೆ ಕಾರ್ಯದರ್ಶಿ ಹೆನ್ರಿ ಮಾರ್ಗೆನ್‌ಥಾವ್ ಅವರೂ ತೀರ್ಮಾನಿಸಿದರು. ಹಿಂದಿನ ವರ್ಷದ ಆರಂಭದಲ್ಲಿ 30 ಲಕ್ಷದಷ್ಟಿದ್ದ ಡಬ್ಲ್ಯುಪಿಎ ಕೆಲಸಗಾರರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಬೋನಸ್ ಮತ್ತೆ ಬರುವಂತಿರಲಿಲ್ಲ. ಸಾಮಾಜಿಕ ಭದ್ರತೆಯ ವಂತಿಗೆ ಅದೇ ಜನವರಿಯಿಂದ ಸಂಬಳದಲ್ಲಿ ಮುರಿದುಕೊಳ್ಳಲು ಶುರುವಾಗಿತ್ತು. ಪಿಂಚಣಿ ಇನ್ನೂ ದೂರ. ಕೇಂದ್ರ ಬ್ಯಾಂಕು ಬೇರೆ, ಬೆಲೆಯೇರಿಕೆಗೆ ಹೆದರಿ ಬ್ಯಾಂಕುಗಳು ಇಡಬೇಕಾದ ಮೀಸಲು ಹಣವನ್ನು ಎರಡು ಪಟ್ಟು ಮಾಡಿತ್ತು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರ ಜಗಳ ಇನ್ನೂ ಮುಗಿದಿಲ್ಲ. ಫಲಿತಾಂಶದ ಬಗ್ಗೆ ಜಗಳವಿಲ್ಲ. ಒಂದೇ ವರ್ಷದಲ್ಲಿ ಕೈಗಾರಿಕಾ ಉತ್ಪಾದನೆ ಮೂರನೆಯ ಒಂದರಷ್ಟು ಕುಸಿಯಿತು. ಶೇ 14ಕ್ಕೆ ಇಳಿದಿದ್ದ ನಿರುದ್ಯೋಗ ಶೇ 19ಕ್ಕೆ ಹಾರಿತು. ಕಾಯಿಲೆ ಗುಣವಾಗುವ ಮೊದಲೇ ಪಥ್ಯ ಬಿಡಿಸಿದಂತಾಗಿತ್ತು. 1937ರ ನವೆಂಬರಿನಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ಮಾರ್ಗೆನ್‌ಥಾವ್ ಸಮತೋಲನ ಬಜೆಟ್ಟಿನ ಭರವಸೆ ಕೊಟ್ಟಾಗ ಸಭಿಕರು ನಕ್ಕುಬಿಟ್ಟರು.

ಬ್ರಿಟನ್ನಿನ ಜಾನ್ ಮೇನಾರ್ಡ್ ಕೀನ್ಸ್ 1933ರ ಕೊನೆಯಿಂದಲೇ ರೂಸ್‌ವೆಲ್ಟ್‌ಗೆ ಪತ್ರ ಬರೆದು, ಸಾಲ ಮಾಡಿಯಾದರೂ ಖರ್ಚು ಹೆಚ್ಚಿಸಿ ಎನ್ನುತ್ತಿದ್ದರು. 1934ರಲ್ಲಿ ಇಬ್ಬರ ಭೇಟಿಯೂ ಆಯಿತು. ಅಂಕಿಗಳ ಕಂತೆಯನ್ನು ಮುಂದಿಟ್ಟ ಆ ಮನುಷ್ಯ ಅರ್ಥಶಾಸ್ತ್ರಜ್ಞನಿಗಿಂತ ಗಣಿತಜ್ಞನಂತೆ ಕಂಡ ಎಂದು ರೂಸ್‌ವೆಲ್ಟ್ ಗೊಣಗಿದರು. 1938ರ ಏಪ್ರಿಲ್‌ನಲ್ಲಿ ಬೇರೆ ದಾರಿ ಕಾಣದೆ ಅವರೇ 300 ಕೋಟಿ ಡಾಲರಿಗೂ ಹೆಚ್ಚಿನ ಹೊಸ ಖರ್ಚಿನ ಪ್ರಸ್ತಾವವನ್ನು ಕಾಂಗ್ರೆಸ್ ಮುಂದಿಟ್ಟರು. ಆ ನವೆಂಬರಿಗೆ ಡಬ್ಲ್ಯುಪಿಎ ಪಟ್ಟಿಯಲ್ಲಿ 33 ಲಕ್ಷ ಹೆಸರುಗಳಿದ್ದವು.

ಹಾಗಾದರೆ ಖರ್ಚಿನಿಂದ ಉಪಯೋಗವಾಯಿತೇ? 1956ರಲ್ಲಿ ಕ್ಯಾರಿ ಬ್ರೌನ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಲೆಕ್ಕಗಳನ್ನು ಹರಡಿಕೊಂಡು ಕುಳಿತಾಗ ಕಂಡದ್ದು ಇದು: ಆ ಔಷಧಿ ನಾಟಲಿಲ್ಲ ಎನ್ನುವಂತಿಲ್ಲ, ಅದನ್ನು ಸರಿಯಾಗಿ ಕೊಡಲೇ ಇಲ್ಲ. 1929ರಲ್ಲಿ ಫೆಡರಲ್ ಸರ್ಕಾರದ ಖರ್ಚು ರಾಷ್ಟ್ರೀಯ ಉತ್ಪನ್ನದ ಶೇ 3ರಷ್ಟು ಮಾತ್ರ. ಅದು ಮೂರು ಪಟ್ಟಾದರೂ ಆ ಹಳ್ಳ ತುಂಬುವಂತಿರಲಿಲ್ಲ. ಮೇಲಾಗಿ ರಾಜ್ಯಗಳೂ ನಗರಗಳೂ ತಮ್ಮ ಲೆಕ್ಕ ಸರಿದೂಗಿಸಲು ಮಾರಾಟ ತೆರಿಗೆ ಹೇರಿ, ಖರ್ಚು ಬಿಗಿಹಿಡಿದು, ಕೇಂದ್ರ ಸುರಿದ ನೀರನ್ನು ಇನ್ನೊಂದು ಕಡೆಯಿಂದ ಹೊರಹಾಕುತ್ತಿದ್ದವು. 1933ರಿಂದ 1937ರವರೆಗಿನ ಚೇತರಿಕೆಯ ಹೆಚ್ಚಿನ ಪಾಲು ಚಿನ್ನದ ನಂಟು ಸಡಿಲಿಸಿ ಹಣದ ಹರಿವು ಹೆಚ್ಚಿಸಿದ್ದಕ್ಕೆ ಸಲ್ಲಬೇಕೆಂದು 1990ರ ದಶಕದಲ್ಲಿ ಕ್ರಿಸ್ಟಿನಾ ರೋಮರ್ ವಾದಿಸಿದರು. 1939ರಲ್ಲೂ ನಿರುದ್ಯೋಗ ಶೇ 17ರಷ್ಟಿತ್ತು ಎನ್ನುವವರು ಒಂದು ಮಾತನ್ನು ಮರೆಯುತ್ತಾರೆ. ಆ ಲೆಕ್ಕದಲ್ಲಿ ದಿನವಿಡೀ ರಸ್ತೆ ಹಾಕಿದ ಡಬ್ಲ್ಯುಪಿಎ ಕೂಲಿಯೂ ನಿರುದ್ಯೋಗಿಯೇ!

ಬೊಕ್ಕಸದ ಬಾಗಿಲು ಪೂರ್ತಿ ತೆರೆದದ್ದು ಯುದ್ಧ ಬಂದಾಗ. 1944ರಲ್ಲಿ ನಿರುದ್ಯೋಗ ಶೇ 1.2ಕ್ಕೆ ಇಳಿಯಿತು. ಅದಕ್ಕೆ ಮೊದಲೇ, 1943ರ ಜೂನ್ ಕೊನೆಗೆ ಡಬ್ಲ್ಯುಪಿಎ ಕಚೇರಿಗಳಿಗೆ ಬೀಗ ಬಿದ್ದಿತ್ತು. ಜನ ಹಡಗುಕಟ್ಟೆಗಳಲ್ಲಿ, ವಿಮಾನ ಕಾರ್ಖಾನೆಗಳಲ್ಲಿ, ಸೈನ್ಯದಲ್ಲಿ ಇದ್ದರು. ಆ ಆರ್ಥಿಕ ವರ್ಷದ ಕೊರತೆ 5,400 ಕೋಟಿ ಡಾಲರಿಗೂ ಹೆಚ್ಚು. ಮಾಜಿ ಸೈನಿಕರ ಬೋನಸ್ ಕೊಟ್ಟ 1936ರ ಕೊರತೆಯ ಹನ್ನೆರಡು ಪಟ್ಟಿಗೂ ಮೀರಿದ್ದು.